ಮಿಲ್ಟ್ರಿ ಡಾಕ್ಟರ್ ಓದು ಮತ್ತು ಜಾಮೀನಿಗೆ ಹೆದರಿದ ಅಪ್ಪ: ಪಾಂಡವಪುರ ಕಡೆಯ ಒಂದು ಪ್ರಕರಣ

ಮಂಡ್ಯ ಸೀಮೆಯಲ್ಲಿ ‘ಮಿಲ್ಟ್ರಿ’ ಅಂದರೆ ಮೊದಲು ನೆನಪಿಗೆ ಬರುವುದು ಹೋಟೆಲ್. ಬಿಸಿ ಮುದ್ದೆ, ಕಾಲು ಸೂಪು, ಬೋಟಿ ಗೊಜ್ಜು. ಸೈನ್ಯ ನೆನಪಾಗುವುದು ಆಮೇಲೆ. ಕೊಡಗಿನ ಹಾಗೆ ಮನೆಮನೆಯಲ್ಲೂ ಸೈನ್ಯದ ಕಥೆ ಇರುವ ನಾಡು ನಮ್ಮದಲ್ಲ. ಹಾಗಾಗಿ ಯಾರಾದರೂ ‘ನನ್ನ ಮಗಳು ಮಿಲ್ಟ್ರಿಗೆ ಸೇರಿ ಡಾಕ್ಟರ್ ಓದ್ತಾಳೆ’ ಅಂದರೆ ಊರಿನವರು ಎರಡೆರಡು ಸಲ ಕೇಳುತ್ತಾರೆ.

ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಹೇಳಿಕೊಡುವವನು. ನೀಟ್ ರಿಸಲ್ಟ್ ಬಂದ ವಾರ ಪ್ರತಿ ವರ್ಷ ಇಬ್ಬರೋ ಮೂವರೋ ಅಪ್ಪಂದಿರು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. “ಸಾ, ಮಿಲ್ಟ್ರಿಯೋರೇ ಫ್ರೀಯಾಗಿ ಡಾಕ್ಟ್ರು ಓದಿಸ್ತಾರಂತೆ, ದಿಟವಾ?” ದಿಟ. ಆದರೆ ಆ ‘ಫ್ರೀ’ಗೆ ಒಂದು ಬಾಲ ಇದೆ. ಅದನ್ನು ನಾನು ಸರಿಯಾಗಿ ನೋಡಿದ್ದು 2019ರಲ್ಲಿ, ಪಾಂಡವಪುರ ತಾಲ್ಲೂಕಿನ ಒಂದು ಮನೆಯ ಜಗಲಿಯ ಮೇಲೆ ಕೂತು. ಆ ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದರು. ಹಾಗಾಗಿ ಇಲ್ಲಿ ಬರುವವರು ಹುಡುಗಿ, ಅಪ್ಪ, ಅವ್ವ, ಮಾವ. ಅಷ್ಟೇ.

ಮನೆ, ಮಾವ, ಮತ್ತೆ ಆ ಫೆಬ್ರವರಿ

ವಿ.ಸಿ. ನಾಲೆ ನೀರು ಹಾಯುವ ಎರಡು ಎಕರೆ ಕಬ್ಬು, ಮನೆಗೆ ಆಗುವಷ್ಟು ಭತ್ತ, ಡೇರಿಗೆ ಹಾಲು ಹಾಕಲು ಎರಡು ಹಸು. ಹುಡುಗಿ ಹತ್ತನೇ ಕ್ಲಾಸಿನವರೆಗೂ ಊರ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಪಿಯುಗೆ ನಮ್ಮ ಕಾಲೇಜಿಗೆ ಬಂದಳು. ಮೊದಲ ಎರಡು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತು, ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ನೋಟ್ಸ್ ತೆಗೆದು ನೋಡಿದರೆ ‘ಮೈಟೋಕಾಂಡ್ರಿಯ ಈಸ್ ದ ಪವರ್‌ಹೌಸ್’ ಅಂತ ಚೆಂದದ ಕೈಬರಹದಲ್ಲಿ ಕನ್ನಡ! ನಗು ಬಂತು. ಆಮೇಲೆ ಇವಳು ಓದುತ್ತಾಳೆ ಅಂತ ಗೊತ್ತಾಯಿತು.

ಸೈನ್ಯದ ವಿಷಯ ತಂದವನು ಅವಳ ಸೋದರಮಾವ. ಆರ್ಟಿಲರಿಯಲ್ಲಿದ್ದು ಹವಾಲ್ದಾರ್ ಆಗಿ ರಿಟೈರ್ ಆದವನು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್. ಹಿಮದ ಪೋಸ್ಟ್ ಒಂದರಲ್ಲಿ ಇದ್ದಾಗ ಅವನ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವಂತೆ. ಇಪ್ಪತ್ತೇಳು ವರ್ಷದ ಒಬ್ಬ ಕ್ಯಾಪ್ಟನ್ ಡಾಕ್ಟರ್ ರಾತ್ರಿಯಿಡೀ ಪಕ್ಕದಲ್ಲಿದ್ದು ಅದನ್ನು ಉಳಿಸಿದನಂತೆ. ಈ ಕಥೆ ಹೇಳುವಾಗ ಮಾವ ಚಪ್ಪಲಿ ಬಿಟ್ಟು ಬೆರಳು ತೋರಿಸುತ್ತಾನೆ. ಪ್ರತಿ ಸಲವೂ ತೋರಿಸುತ್ತಾನೆ. ಉಗುರು ಇಲ್ಲ, ಬೆರಳು ಇದೆ. “ನೋಡಿ ಮೇಷ್ಟ್ರೇ, ಇದು ಆರ್ಮಿ ಡಾಕ್ಟ್ರು ಕೊಟ್ಟಿರೋ ಬೆರಳು.”

ಅವ್ವನ ತಲೆಯಲ್ಲಿ ಇದ್ದದ್ದೇ ಬೇರೆ. ಆ ವರ್ಷ ಫೆಬ್ರವರಿ 14ಕ್ಕೆ ಪುಲ್ವಾಮಾ ಆಗಿತ್ತು. ಸತ್ತವರಲ್ಲಿ ನಮ್ಮ ಜಿಲ್ಲೆಯ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಹುಡುಗನೂ ಇದ್ದ. ಇಡೀ ಜಿಲ್ಲೆ ಅತ್ತಿತ್ತು. ಅವ್ವ ಆ ಮೂರು ದಿನ ಟಿ.ವಿ. ಮುಂದಿನಿಂದ ಎದ್ದಿರಲಿಲ್ಲವಂತೆ. ಮಾವ ಬಿಡಿಸಿ ಹೇಳಿದ: “ಅವ್ರು ಸಿಆರ್‌ಪಿಎಫ್ ಕಣವ್ವ, ಆರ್ಮಿನೇ ಬ್ಯಾರೆ. ಅದ್ರಲ್ಲೂ ಡಾಕ್ಟ್ರು ಅಂದ್ರೆ ಆಸ್ಪತ್ರೆಲಿ ಇರ್ತಾರೆ.” ಅವ್ವ ಹೇಳಿದ್ದು ಒಂದೇ ಮಾತು: “ಬಟ್ಟೆ ಬ್ಯಾರೆ ಇರ್ಬೋದಣ್ಣ, ತಾಯ್ದೀರು ಬ್ಯಾರೆ ಇದ್ದಾರಾ?” ಮಾವ ಸುಮ್ಮನಾದ.

ಡಾಕ್ಟರು ಬರೀ ಆಸ್ಪತ್ರೆಯಲ್ಲಿ ಇರುತ್ತಾರೆ ಅನ್ನುವುದೂ ಪೂರ್ತಿ ನಿಜವಲ್ಲ, ಮಾವನಿಗೇ ಅದು ಚೆನ್ನಾಗಿ ಗೊತ್ತು. ಬೆಟಾಲಿಯನ್ ಜೊತೆಗೇ ಇರುವ ಡಾಕ್ಟರನ್ನು ಆರ್‌ಎಂಒ ಅನ್ನುತ್ತಾರೆ. ಬೆಟಾಲಿಯನ್ ಗುಡ್ಡ ಹತ್ತಿದರೆ ಅವರೂ ಹತ್ತಬೇಕು. ಅವನ ಬೆರಳು ಉಳಿಸಿದವನು ಅಂಥವನೇ.

ಅಪ್ಪ? ಅಪ್ಪನ ಕಥೆಗೆ ಆಮೇಲೆ ಬರುತ್ತೇನೆ. ಈ ಪ್ರಕರಣದ ತಿರುಳೇ ಅವನು.

ಫಾರ್ಮಿನಲ್ಲಿ ನಾನು ಮಾಡಿದ ತಪ್ಪು

ಸೈನ್ಯದ ಮೂಲಕ ಎಂಬಿಬಿಎಸ್ ಅಂದರೆ ಪುಣೆಯ ಆರ್ಮ್ಡ್ ಫೋರ್ಸಸ್ ಮೆಡಿಕಲ್ ಕಾಲೇಜು, ಎಎಫ್‌ಎಂಸಿ. 1948ರಲ್ಲಿ ಶುರುವಾದದ್ದು. ಎಂಬಿಬಿಎಸ್ ಓದಿಗೆ ಅಲ್ಲಿ ಮಕ್ಕಳನ್ನು ತೆಗೆದುಕೊಳ್ಳಲು ಆರಂಭಿಸಿದ್ದು 1962ರಲ್ಲಿ. ನಮ್ಮ ದೇಶದ ಮಕ್ಕಳಿಗೆ ಇರುವುದು 145 ಸೀಟು. ಅದರಲ್ಲಿ 115 ಹುಡುಗರಿಗೆ, 30 ಹುಡುಗಿಯರಿಗೆ. ಇಡೀ ದೇಶಕ್ಕೆ ಮೂವತ್ತು ಹುಡುಗಿಯರು ಅಂದರೆ ಲೆಕ್ಕ ಹಾಕಿ. ಹುಡುಗಿಯರ ಕಟ್‌ಆಫ್ ಹುಡುಗರಿಗಿಂತ ಯಾವಾಗಲೂ ಮೇಲೇ ಇರುತ್ತದೆ. ನಮ್ಮಲ್ಲಿ ಜನ ಕೇಳುವ ‘2ಎ ಎಷ್ಟು, 3ಎ ಎಷ್ಟು’ ಅನ್ನುವ ಪ್ರಶ್ನೆಯೂ ಅಲ್ಲಿ ನಡೆಯುವುದಿಲ್ಲ.

ಹಿಂದೆ ಈ ಕಾಲೇಜಿಗೆ ಅಂತಲೇ ಬೇರೆ ಪ್ರವೇಶ ಪರೀಕ್ಷೆ ಇತ್ತು. ನನ್ನ ತಲೆಯಲ್ಲಿ ಅದೇ ಕೂತಿತ್ತು. ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದಾಗ ‘ಅದಕ್ಕೆ ಬೇರೆ ಫಾರ್ಮ್ ಬರುತ್ತೆ, ಪೇಪರಿನಲ್ಲಿ ನೋಡಿಕೊಳ್ಳಿ’ ಅಂತ ಆರಾಮಾಗಿ ಹೇಳಿಬಿಟ್ಟಿದ್ದೆ. ಅದು ಹಳೇ ಕಾಲದ ಮಾತಾಗಿ ಎಷ್ಟೋ ವರ್ಷ ಆಗಿತ್ತು. ಈಗ ನೀಟ್ ಅಂಕವೇ ಬುನಾದಿ. ಆದರೆ ನೀಟ್ ಬರೆದ ಮಾತ್ರಕ್ಕೆ ಯಾರೂ ಕರೆಯುವುದಿಲ್ಲ. ರಿಸಲ್ಟ್ ಬಂದ ಮೇಲೆ ಮೆಡಿಕಲ್ ಸೀಟು ಹಂಚುವ ಕೇಂದ್ರದ ಸಮಿತಿ ಎಂಸಿಸಿಯ ವೆಬ್‌ಸೈಟಿನಲ್ಲಿ ರಿಜಿಸ್ಟರ್ ಮಾಡಿ, ಕಾಲೇಜುಗಳ ಪಟ್ಟಿಯಲ್ಲಿ ಎಎಫ್‌ಎಂಸಿಯನ್ನು ಆರಿಸಿರಬೇಕು. ನಮ್ಮ ರಾಜ್ಯದ ಸೀಟಿಗೆ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಇವೆರಡೂ ಬೇರೆ ಬೇರೆ ಬಾಗಿಲು.

ಇವರ ಮನೆಯವರು ಕೆಇಎಗೆ ಅರ್ಜಿ ಹಾಕಿ ಎಲ್ಲ ಮುಗಿಯಿತು ಅಂತ ಕೂತಿದ್ದರು. ಸೈಬರ್ ಸೆಂಟರಿನ ಹುಡುಗನೂ ‘ಎಲ್ಲಾ ಇದ್ರಲ್ಲೇ ಬತ್ತದೆ ಬುಡಿ’ ಅಂದಿದ್ದ. ರಿಜಿಸ್ಟ್ರೇಶನ್ ಮುಗಿಯಲು ಎರಡು ದಿನ ಇರುವಾಗ ರಾತ್ರಿ ಹನ್ನೊಂದಕ್ಕೆ ಹುಡುಗಿ ಫೋನ್ ಮಾಡಿದಳು. “ಸಾರ್, ನೀವು ಹೇಳಿದ ಫಾರ್ಮ್ ಇಲ್ಲ ಸಾರ್. ನಾನೇ ಓದಿದೆ. ಎಂಸಿಸಿಲೇ ಹಾಕಬೇಕಂತೆ.” ಬೆಳಗ್ಗೆ ಎಂಟಕ್ಕೆ ನನ್ನ ಸ್ಕೂಟರಿನಲ್ಲೇ ಹೋಗಿ ಸೈಬರ್ ಬಾಗಿಲು ತೆಗೆಸಿದೆ. ಸರ್ವರ್ ಮೂರು ಸಲ ಕೈಕೊಟ್ಟಿತು. ಫಾರ್ಮ್ ಹೋದಾಗ ಮಧ್ಯಾಹ್ನ ಎರಡು ಗಂಟೆ. ಅವಳು ಓದದೇ ಹೋಗಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಆ ತಪ್ಪು ನನ್ನ ತಲೆ ಮೇಲೆ ಇರುತ್ತಿತ್ತು.

ಅರ್ಹತೆಯಲ್ಲೂ ಒಂದೆರಡು ಕೊಕ್ಕೆ ಇವೆ, ಜನ ಕೊನೇ ಗಳಿಗೆಯಲ್ಲಿ ನೋಡುತ್ತಾರೆ. ಪಿಯುಸಿಯನ್ನು ಮೊದಲ ಸಲಕ್ಕೇ ಪಾಸಾಗಿರಬೇಕು. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ 60 ಪರ್ಸೆಂಟ್, ಬಿಡಿಬಿಡಿಯಾಗಿ ಒಂದೊಂದರಲ್ಲೂ 50, ಇಂಗ್ಲಿಷಿನಲ್ಲೂ 50 ಬೇಕು. ಮದುವೆ ಆಗಿರಬಾರದು, ಓದು ಮುಗಿಯುವ ತನಕ ಆಗಲೂಬಾರದು. ಈ ಕೊನೇದನ್ನು ಓದಿ ಹೇಳಿದಾಗ ಅವ್ವನ ಮುಖದಲ್ಲಿ ಆ ಇಡೀ ತಿಂಗಳಿನಲ್ಲಿ ಮೊದಲ ಸಲ ಸ್ವಲ್ಪ ನಗು ಕಂಡಿತು. ಅವ್ವನಿಗೆ ಹದಿನೆಂಟಕ್ಕೇ ಮದುವೆ ಆಗಿತ್ತು.

ಜಗಲಿ ಮೇಲೆ ಬಾಂಡ್ ಓದಿದ್ದು

ಈಗ ಅಪ್ಪ. ಹತ್ತು ವರ್ಷದ ಹಿಂದೆ ಅವನು ದಾಯಾದಿಯೊಬ್ಬನ ಸಾಲಕ್ಕೆ ಜಾಮೀನು ಹಾಕಿದ್ದ. ಸಾಲ ತೆಗೆದವನು ಬೆಂಗಳೂರು ಸೇರಿದ. ಕಂತು ಇವನ ಹೆಗಲಿಗೆ ಬಂತು. ಆರು ವರ್ಷ ಕಟ್ಟಿದ. ಆವತ್ತಿನಿಂದ ಅವನಿಗೆ ಸ್ಟಾಂಪ್ ಪೇಪರ್ ಕಂಡರೆ ಹಾವು ಕಂಡ ಹಾಗೆ. ಮಗಳು ಪುಣೆಗೆ ಹೋಗಲಿ ಅಂತ ಅವನಿಗೂ ಆಸೆ. ಆದರೆ ಯಾರೋ ‘ಬಾಂಡ್ ಬರ್ಕೊಡ್ಬೇಕು’ ಅಂದ ದಿನದಿಂದ ಊಟ ಸೇರುತ್ತಿರಲಿಲ್ಲ.

ಒಂದು ಭಾನುವಾರ ಸಂಜೆ ಕರೆದರು. ಜಗಲಿ ಮೇಲೆ ಚಾಪೆ, ಸ್ಟೀಲ್ ಲೋಟದಲ್ಲಿ ಕಾಫಿ. ನಾನು ನಿಯಮಗಳ ಪ್ರಿಂಟ್ ತಂದಿದ್ದೆ, ಎಲ್ಲ ಇಂಗ್ಲಿಷಿನಲ್ಲಿ. ನಾನು ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳುವುದು, ಅಪ್ಪ ತಡೆದು ಕೇಳುವುದು, ಹುಡುಗಿ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುವುದು. ಹೀಗೆ ಎರಡು ಗಂಟೆ.

ವಿಷಯ ಇಷ್ಟು. ಅಲ್ಲಿ ಫೀಸಿಲ್ಲ, ಇರುವ ಜಾಗ ಸರ್ಕಾರದ್ದು. ಎಂಬಿಬಿಎಸ್ ಪಾಸಾದ ಮೇಲೆ ಸೈನ್ಯ, ನೌಕಾಪಡೆ ಅಥವಾ ವಾಯುಪಡೆಯ ವೈದ್ಯಕೀಯ ಸೇವೆಗೆ ಆಫೀಸರ್ ಆಗಿ ಸೇರಲೇಬೇಕು. ಕೆಲವರಿಗೆ ಪರ್ಮನೆಂಟ್ ಕಮಿಷನ್, ಅಂದರೆ ರಿಟೈರ್ ಆಗುವ ತನಕದ ಕೆಲಸ, ಉಳಿದವರಿಗೆ ಶಾರ್ಟ್ ಸರ್ವಿಸ್. ಶಾರ್ಟ್ ಅಂದರೂ ಏಳು ವರ್ಷ. ಓದನ್ನು ಮಧ್ಯದಲ್ಲಿ ಬಿಟ್ಟರೆ, ಇಲ್ಲ ಮುಗಿಸಿದ ಮೇಲೆ ಸೇವೆ ಬೇಡ ಅಂದರೆ, ಬಾಂಡಿನ ಹಣ ಕಟ್ಟಬೇಕು. ಆ ಹಣ ಹತ್ತಾರು ಲಕ್ಷದ ಲೆಕ್ಕದಲ್ಲಿ ಇರುತ್ತದೆ, ಆಗಾಗ ಪರಿಷ್ಕರಿಸುತ್ತಾರೆ. ಸೇರುವ ವಯಸ್ಸಿನಲ್ಲಿ ಮಕ್ಕಳ ಹೆಸರಿನಲ್ಲಿ ಏನಿರುತ್ತದೆ? ಅಪ್ಪ ಅವ್ವನ ಸಹಿಯೂ ಬೇಕು.

“ಅತ್ತು ಲಕ್ಸ ಅಂದ್ರೆ ಎಷ್ಟಾಯ್ತದೆ ಮೇಷ್ಟ್ರೇ?” ಅಂತ ಕೇಳಿದ. ಅವನೇ ಲೆಕ್ಕ ಹಾಕಿದ. ಆ ಹಂಗಾಮಿನಲ್ಲಿ ಕೇಂದ್ರ ಸರ್ಕಾರದ ಕಬ್ಬಿನ ದರ ಟನ್ನಿಗೆ 2,750 ರೂಪಾಯಿ. ಹತ್ತು ಲಕ್ಷಕ್ಕೆ 360 ಟನ್ನಿನ ಮೇಲೆ ಬಂತು. ಅವನ ಎರಡು ಎಕರೆಯಲ್ಲಿ ಒಳ್ಳೆ ವರ್ಷ 90 ಟನ್ ಬಂದರೆ ದೊಡ್ಡದು. “ನಾಕು ವರ್ಸದ ಕಬ್ಬು. ಅದೂ ಕಾರ್ಖಾನೆಯೋರು ಟೇಮಿಗೆ ದುಡ್ಡು ಕೊಟ್ರೆ.” ಇಷ್ಟು ಆಗುವುದು ಬರೀ ಹತ್ತು ಲಕ್ಷಕ್ಕೆ.

ನಾನು ಮೇಷ್ಟ್ರು ಬುದ್ಧಿ ತೋರಿಸಿದೆ. ಇದು ಸಾಲ ಅಲ್ಲ, ಬಡ್ಡಿ ಇಲ್ಲ, ಅವಳು ಕೆಲಸ ಮಾಡಿದರೆ ಒಂದು ರೂಪಾಯಿಯೂ ಕಟ್ಟಬೇಕಿಲ್ಲ, ಮೇಲೆ ಆಫೀಸರ್ ಸಂಬಳ ಬೇರೆ ಬರುತ್ತದೆ ಅಂದೆ. ಅವನು ಸ್ವಲ್ಪ ಹೊತ್ತು ಕಾಫಿ ಲೋಟ ತಿರುಗಿಸಿದ.

“ನಂಗೂ ಅರ್ತ ಆಯ್ತದೆ ಮೇಷ್ಟ್ರೇ. ನಾನು ಜಾಮೀನು ಹಾಕ್ದಾಗ್ಲೂ ಅವ್ನು ಕಟ್ಟುದ್ರೆ ನಾನೇನೂ ಕಟ್ಬೇಕಿರ್ಲಿಲ್ಲ. ಇಲ್ಲಿ ಕಟ್ಟೋಳು ನನ್ ಮಗ್ಳು. ದುಡ್ಡಲ್ಲಿ ಅಲ್ಲ, ವರ್ಸದಲ್ಲಿ. ಅವ್ಳಿಗೆ ಈಗ ಅದ್ನೆಂಟು. ಇಪ್ಪತ್ತೈದಕ್ಕೆ ಅವ್ಳು ಏನಂತಾಳೋ ಅವ್ಳಿಗೇ ಗೊತ್ತಿಲ್ಲ. ಗೊತ್ತಿಲ್ದೆ ಇರೋದುಕ್ಕೆ ನಾನು ಎಂಗೆ ಸಹಿ ಹಾಕ್ಲಿ?”

ನಾನು ಇಪ್ಪತ್ತು ವರ್ಷ ಮಕ್ಕಳಿಗೆ ದಾರಿ ಹೇಳಿದ್ದೇನೆ. ಇಷ್ಟು ನೇರವಾಗಿ ವಿಷಯಕ್ಕೆ ಕೈ ಹಾಕಿದ ಅಪ್ಪನನ್ನು ನೋಡಿರಲಿಲ್ಲ. ಎಲ್ಲರೂ ‘ಫ್ರೀಯಾ?’ ಅಂತ ಕೇಳುತ್ತಾರೆ. ಇವನು ‘ಯಾವಾಗ ಸಹಿ?’ ಅಂತ ಕೇಳಿದ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಮೊದಲು ಕರೆ ಬರಲಿ ಬಿಡಿ’ ಅಂತ ಎದ್ದು ಬಂದೆ.

ಕಿವಿ ಗುಗ್ಗೆಯಿಂದ ಪುಣೆವರೆಗೆ

ಕರೆ ಬಂತು. ನೀಟ್‌ನಲ್ಲಿ ಅಷ್ಟು ಚೆನ್ನಾಗಿ ಮಾಡಿದ್ದಳು. ಆದರೆ ಅದು ಸೀಟು ಅಲ್ಲ, ಅಲ್ಲಿಗೆ ಬಂದು ಇನ್ನೊಂದು ಸುತ್ತು ಪರೀಕ್ಷೆ ಕೊಡಿ ಅನ್ನುವ ಕರೆ. ಇಂಗ್ಲಿಷ್, ತರ್ಕ ಎರಡೂ ಸೇರಿದ ಒಂದು ಪರೀಕ್ಷೆ ಕಂಪ್ಯೂಟರಿನಲ್ಲಿ ಇರುತ್ತದೆ. ಅದಕ್ಕೆ ಟಿಒಇಎಲ್‌ಆರ್ (ToELR) ಅಂತ ಹೆಸರು. ಮನಃಶಾಸ್ತ್ರದ ಒಂದು ಪರೀಕ್ಷೆ, ಸಂದರ್ಶನ, ಆಮೇಲೆ ತಲೆಯಿಂದ ಕಾಲಿನವರೆಗೆ ಮೆಡಿಕಲ್. ಸೀಟಿಗಿಂತ ಹತ್ತು ಪಟ್ಟು ಜಾಸ್ತಿ ಮಕ್ಕಳನ್ನು ಕರೆಸುತ್ತಾರೆ.

ಕನ್ನಡ ಮಾಧ್ಯಮದ ಹುಡುಗಿಗೆ ಇಂಗ್ಲಿಷ್ ಪರೀಕ್ಷೆಯೇ ದೊಡ್ಡ ಭೂತ. ನಮ್ಮ ಕಾಲೇಜಿನ ಇಂಗ್ಲಿಷ್ ಮೇಡಂ ಹನ್ನೆರಡು ದಿನ ಸಂಜೆ ಕೂರಿಸಿಕೊಂಡು ಗಡಿಯಾರ ಇಟ್ಟು ಮಾಡಿಸಿದರು. ಉತ್ತರ ಗೊತ್ತಿದ್ದರೂ ಅವಳು ನಿಧಾನ. ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಕನ್ನಡಕ್ಕೆ ತಂದು, ವಾಪಸ್ ಇಂಗ್ಲಿಷಿಗೆ ಕಳಿಸುತ್ತಿದ್ದಳು. ಆ ಅಭ್ಯಾಸ ಬಿಡಿಸಲು ಎಂಟು ದಿನ ಹಿಡಿಯಿತು.

ಮಾವನ ತಯಾರಿ ಬೇರೆ ದಿಕ್ಕಿನಲ್ಲಿ. ಮೈಸೂರಿಗೆ ಕರೆದುಕೊಂಡು ಹೋಗಿ ಇಎನ್‌ಟಿ ಡಾಕ್ಟರ ಹತ್ತಿರ ಕಿವಿ ಗುಗ್ಗೆ ತೆಗೆಸಿದ. “ಭರ್ತಿಲಿ ಎಷ್ಟು ಜನ ಗುಗ್ಗೆಗೇ ವಾಪಸ್ ಓಗವ್ರೆ ಗೊತ್ತಾ ಮೇಷ್ಟ್ರೇ?” ನಾನು ನಕ್ಕೆ. ಆಮೇಲೆ ಗೊತ್ತಾಯಿತು, ಅದು ತಮಾಷೆ ಅಲ್ಲ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ಒಳಗಿನ ಪರದೆ ಕಾಣುವುದಿಲ್ಲ, ಡಾಕ್ಟರು ‘ಸದ್ಯಕ್ಕೆ ಅನ್‌ಫಿಟ್’ ಅಂತ ಬರೆದುಬಿಡುತ್ತಾರೆ. ಹಲ್ಲು ತೋರಿಸಿದ, ಕನ್ನಡಕದ ಪವರ್ ಬರೆಸಿಕೊಂಡ, ಅವಳನ್ನು ಗೋಡೆಗೆ ನಿಲ್ಲಿಸಿ ಮಂಡಿ ಮಂಡಿ ತಾಗುತ್ತವಾ, ಪಾದ ಚಪ್ಪಟೆ ಇದೆಯಾ ಅಂತ ನೋಡಿದ. ಪಾದವನ್ನು ನೀರಲ್ಲಿ ಅದ್ದಿ ಸಿಮೆಂಟ್ ನೆಲದ ಮೇಲೆ ಇಡಿಸಿ, ಅಚ್ಚಿನಲ್ಲಿ ಒಳಬಾಗು ಕಂಡ ಮೇಲೆ ‘ಪಾಸ್’ ಅಂದ. ಈ ಕೆಲಸ ಯಾವ ಕೋಚಿಂಗ್ ಸೆಂಟರೂ ಮಾಡುವುದಿಲ್ಲ. ಇಂಥ ಕಡೆಗೆ ಹೊರಟವರಿಗೆ ನಾನು ಈಗ ಮೊದಲು ಹೇಳುವ ಮಾತೇ ಇದು: ಓದೋದು ಇದ್ದೇ ಇದೆ, ಮೊದಲು ಕಣ್ಣು, ಕಿವಿ, ಹಲ್ಲು ತೋರಿಸಿಕೊಂಡು ಬನ್ನಿ.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋದರು, ಮಾವ ಮತ್ತು ಹುಡುಗಿ. ಮಾವ ತನ್ನ ಹಳೇ ಕಪ್ಪು ತಗಡಿನ ಟ್ರಂಕಿಗೆ ಹೊಸ ಪೇಂಟ್ ಹೊಡೆದು ಬಿಳಿ ಅಕ್ಷರದಲ್ಲಿ ಅವಳ ಹೆಸರು ಬರೆಸಿ ಇಟ್ಟಿದ್ದ. ಸೀಟು ಸಿಕ್ಕ ಮೇಲೆ ಅದರಲ್ಲೇ ಸಾಮಾನು ಹೋಗಬೇಕು ಅಂತ.

ಸಂದರ್ಶನದಲ್ಲಿ ‘ನಿಮ್ಮೂರಲ್ಲಿ ಏನು ಬೆಳೆಯುತ್ತಾರೆ’ ಅಂತ ಕೇಳಿದರಂತೆ. ಕಬ್ಬಿನ ಕಟಾವು, ಲಾರಿಗೆ ಕಾಯುವುದು, ಕಾಯುತ್ತಾ ಕಾಯುತ್ತಾ ಕಬ್ಬು ಒಣಗಿ ತೂಕ ಇಳಿಯುವುದು, ಎಲ್ಲ ಹೇಳಿದಳಂತೆ. ಐದು ನಿಮಿಷ ಅದೇ ಆಯಿತು. ಆಮೇಲೆ ‘ಸೈನ್ಯಕ್ಕೇ ಯಾಕೆ?’ ಅಂತ ಕೇಳಿದರು. ಅದಕ್ಕೂ ಚೆನ್ನಾಗಿ ಉತ್ತರ ಕೊಟ್ಟಳು. ಹೊರಗೆ ಬಂದು ಮಾವನಿಗೆ ಹೇಳಿದಾಗ ಅವನು ಬೆನ್ನು ತಟ್ಟಿ ಮಿಸಲ್ ಪಾವ್ ಕೊಡಿಸಿದ.

ಮೆಡಿಕಲ್ ಫಿಟ್. ಲಿಸ್ಟಿನಲ್ಲಿ ಹೆಸರು ಬಂತು. ಅದೇ ಹೊತ್ತಿಗೆ ಕೆಇಎ ಸೀಟು ಹಂಚಿಕೆಯಲ್ಲಿ ಮೈಸೂರು ಮೆಡಿಕಲ್ ಕಾಲೇಜೂ ಸಿಕ್ಕಿತು.

ಎರಡು ಬಾಗಿಲು ಒಟ್ಟಿಗೆ ತೆರೆದಾಗ

ಮೈಸೂರಿನದು ಸಾಮಾನ್ಯ ಕಾಲೇಜಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದದ್ದು. ಪಕ್ಕದಲ್ಲೇ ಕೆ.ಆರ್. ಆಸ್ಪತ್ರೆ. ಮಂಡ್ಯ, ಚಾಮರಾಜನಗರ, ಕೊಡಗಿನಿಂದೆಲ್ಲ ರೋಗಿಗಳು ಬರುವ ಜಾಗ, ಕಲಿಯುವವರಿಗೆ ಕೆಲಸಕ್ಕೆ ಕೊರತೆ ಇಲ್ಲ. ಸರ್ಕಾರಿ ಸೀಟಿನ ಫೀಸು ಆಗ ವರ್ಷಕ್ಕೆ 50–60 ಸಾವಿರ. ಅಪ್ಪ ಅದನ್ನೂ ಕಬ್ಬಿಗೆ ತಿರುಗಿಸಿದ. “ಇಪ್ಪತ್ತು ಟನ್ನು. ಆಗ್ಲಿ, ಅದಾಯ್ತದೆ.” ಹಾಸ್ಟೆಲ್, ಪುಸ್ತಕ ಸೇರಿದರೆ ಇನ್ನೂ ಮೇಲೆ ಹೋಗುತ್ತದೆ. ಆದರೂ ಅದು ಅವನಿಗೆ ಕಣ್ಣಿಗೆ ಕಾಣುವ ಲೆಕ್ಕ.

ಎರಡೂ ಕಡೆ ಮೂಲ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ, ಒಂದನ್ನು ಹಿಡಿದು ಇನ್ನೊಂದನ್ನು ಕಾಯುವ ಆಟ ಜಾಸ್ತಿ ದಿನ ನಡೆಯುವುದಿಲ್ಲ. ಮೂರು ದಿನ ಇತ್ತು. ಮಾವ ಟ್ರಂಕು ತಂದು ಪಡಸಾಲೆಯಲ್ಲಿ ಇಟ್ಟುಬಿಟ್ಟಿದ್ದ. ನಾನು ಹುಡುಗಿಯನ್ನು ಕಾಲೇಜಿಗೆ ಕರೆಸಿ ಒಂದೇ ಪ್ರಶ್ನೆ ಕೇಳಿದೆ. “ಪುಣೆಯಲ್ಲೂ ಮೈಸೂರಿನಷ್ಟೇ ಫೀಸು ಕಟ್ಟಬೇಕಿತ್ತು ಅಂದ್ಕೋ. ಆಗಲೂ ಹೋಗ್ತಿದ್ದೆಯಾ?”

ಅವಳು ಏನೂ ಹೇಳಲಿಲ್ಲ. ಮಾರನೇ ದಿನ ಸಂಜೆ ಫೋನ್ ಬಂತು.

“ಇಲ್ಲ ಸಾರ್. ಇಂಟರ್‌ವ್ಯೂನಲ್ಲಿ ಯಾಕೆ ಸೈನ್ಯ ಅಂತ ಕೇಳಿದಾಗ ನಾನು ಹೇಳಿದ್ದು ಮಾವನ ಬೆರಳಿನ ಕಥೆ. ಅವರಿಗೆ ತುಂಬ ಇಷ್ಟ ಆಯ್ತು. ಆದರೆ ಅದು ಮಾವನ ಉತ್ತರ ಸಾರ್. ನಿನ್ನೆ ರಾತ್ರಿ ನನ್ನದು ಏನು ಅಂತ ಹುಡುಕಿದೆ. ಫೀಸು ಬಿಟ್ಟರೆ ಏನೂ ಸಿಗಲಿಲ್ಲ.”

ಅವಳು ಮೈಸೂರಿಗೆ ಸೇರಿದಳು. ಮಾವ ಆ ದಸರಾಕ್ಕೂ ಮನೆಗೆ ಬರಲಿಲ್ಲ. ಟ್ರಂಕಿನಲ್ಲಿ ಅವ್ವ ಹುರುಳಿ ತುಂಬಿಟ್ಟಳು.

ಅವಳು ಮಾಡಿದ್ದು ಸರಿಯಾ? ಆಗ ನನಗೆ ಅಷ್ಟು ಧೈರ್ಯ ಇರಲಿಲ್ಲ. ಎಎಫ್‌ಎಂಸಿಯಲ್ಲಿ ಓದಿದವರ ಹಿಂದೆ ಒಂದು ದೊಡ್ಡ ವ್ಯವಸ್ಥೆ ನಿಲ್ಲುತ್ತದೆ. ಸೇವೆಯಲ್ಲಿರುವ ಡಾಕ್ಟರುಗಳಿಗೆ ಸೈನ್ಯದ ಸಂಸ್ಥೆಗಳ ಪಿಜಿ ಸೀಟಿನಲ್ಲಿ ಮೊದಲ ಆದ್ಯತೆ ಇದೆ. 2004ರಲ್ಲಿ ದೇಶದ ಮೊದಲ ಮಹಿಳಾ ಲೆಫ್ಟಿನೆಂಟ್ ಜನರಲ್ ಆದ ಪುನೀತಾ ಅರೋರಾ ಅಲ್ಲಿಯೇ ಓದಿದ ಡಾಕ್ಟರ್. ಈ ಹುಡುಗಿಗೆ ಮೈಸೂರಿನ ಸೀಟು ಸಿಕ್ಕದೆ, ಖಾಸಗಿ ಕಾಲೇಜಿನ ಲಕ್ಷಗಟ್ಟಲೆ ಫೀಸು ಮಾತ್ರ ಎದುರಿಗೆ ಇದ್ದಿದ್ದರೆ, ನಾನೇ ಅಪ್ಪನ ಕೈ ಹಿಡಿದು ಸಹಿ ಹಾಕಿಸುತ್ತಿದ್ದೆ. ಏಳು ವರ್ಷ ಆಫೀಸರ್ ಆಗಿ ಕೆಲಸ ಮಾಡುವುದು ಶಿಕ್ಷೆ ಏನಲ್ಲವಲ್ಲ! ಆದರೆ ಬರೀ ಫೀಸಿಗಾಗಿ ಹೋಗಿ, ಒಳಗೆ ದಿನ ಎಣಿಸುವವರನ್ನೂ ಒಬ್ಬಿಬ್ಬರನ್ನು ನೋಡಿದ್ದೇನೆ. ಅವರಿಗೂ ಒಳ್ಳೇದಾಗಲಿಲ್ಲ, ಅವರ ಹತ್ತಿರ ಬಂದ ಸೈನಿಕನಿಗೂ ಆಗಿರಲಾರದು.

ಜನ ಮರೆಯುವ ಇನ್ನೊಂದು ದಾರಿ

ಎಂಬಿಬಿಎಸ್ ಬೇರೆ ಎಲ್ಲಿ ಮಾಡಿದ್ದರೂ ಆಮೇಲೆ ಸೈನ್ಯದ ಡಾಕ್ಟರ್ ಆಗಬಹುದು. ಇದನ್ನು ನಮ್ಮ ಕಡೆ ಯಾರೂ ಹೇಳುವುದೇ ಇಲ್ಲ. ಇಂಟರ್ನ್‌ಶಿಪ್ ಮುಗಿಸಿ, ವೈದ್ಯಕೀಯ ಪರಿಷತ್ತಿನಲ್ಲಿ ಖಾಯಂ ನೋಂದಣಿ ಮಾಡಿಸಿದ ಮೇಲೆ ಶಾರ್ಟ್ ಸರ್ವಿಸ್ ಕಮಿಷನ್ನಿಗೆ ಅರ್ಜಿ ಹಾಕಬಹುದು. ಹೀಗೆ ಹೊರಗಿನಿಂದ ಬಂದವರಿಗೆ ಏಳಲ್ಲ, ಮೊದಲು ಐದು ವರ್ಷ. ಬೇಕಾದರೆ ಮುಂದುವರಿಸಿ ಒಟ್ಟು ಹದಿನಾಲ್ಕರವರೆಗೆ. ಸೇರುವಾಗಲೇ ಕ್ಯಾಪ್ಟನ್. ಸಂದರ್ಶನ ದೆಹಲಿಯಲ್ಲಿ. ಇತ್ತೀಚೆಗೆ ಕರೆಯುವ ಮೊದಲು ನೀಟ್ ಪಿಜಿ ಅಂಕವನ್ನೂ ನೋಡುತ್ತಾರೆ. ಇದರಲ್ಲಿ ಫೀಸು ಉಳಿಯುವುದಿಲ್ಲ, ಫೀಸು ಆಗಲೇ ಕಟ್ಟಿಯಾಗಿದೆ. ಉಳಿಯುವುದು ಒಂದೇ: ಸಹಿ ಹಾಕುವವರಿಗೆ ಆಗ ಇಪ್ಪತ್ನಾಲ್ಕೋ ಇಪ್ಪತ್ತೈದೋ ಆಗಿರುತ್ತದೆ.

ಹುಡುಗಿಯರಿಗೆ ಮಿಲಿಟರಿ ನರ್ಸಿಂಗ್ ಸರ್ವಿಸ್ ಕೂಡ ಇದೆ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್, ಮುಗಿಸಿದರೆ ಲೆಫ್ಟಿನೆಂಟ್. ಅದರ ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ಪಿಯುಸಿಯಲ್ಲಿ ಬಯಾಲಜಿ ಓದಿದ ಹುಡುಗರು ನರ್ಸಿಂಗ್ ಅಸಿಸ್ಟೆಂಟ್ ಆಗಿ ಸಿಪಾಯಿ ದರ್ಜೆಯಲ್ಲಿ ಸೇರಬಹುದು. ಅವರ ತರಬೇತಿ ಲಖನೌದ ಆರ್ಮಿ ಮೆಡಿಕಲ್ ಕೋರ್ ಸೆಂಟರಿನಲ್ಲಿ. ಆದರೆ ಅದು ಡಾಕ್ಟರ್ ಆಗುವ ಮೆಟ್ಟಿಲು ಅಂತ ಹೇಳಿ ಮಕ್ಕಳನ್ನು ಕಳಿಸಬೇಡಿ. ಅದು ಅದೇ ಒಂದು ಕೆಲಸ, ಒಳ್ಳೆಯ ಕೆಲಸ. ಮೆಟ್ಟಿಲು ಮಾತ್ರ ಅಲ್ಲ.

ಆರು ವರ್ಷದ ಮೇಲೆ

2025ರಲ್ಲಿ ಅವಳ ಇಂಟರ್ನ್‌ಶಿಪ್ ಮುಗಿಯಿತು. ಮೊದಲ ವರ್ಷದ ಅರ್ಧವನ್ನು ಕೊರೊನಾ ತಿಂದಿತ್ತು, ಮನೆಯ ಅಟ್ಟದ ಮೇಲೆ ಕೂತು ಮೊಬೈಲಿನಲ್ಲಿ ಅನಾಟಮಿ ಕೇಳಿದ್ದಳು. ಹೊಲದ ಕಡೆ ಸಿಗ್ನಲ್ ಚೆನ್ನಾಗಿದೆ ಅಂತ ಕೆಲವು ದಿನ ಪಂಪ್‌ಸೆಟ್ ಮನೆಯಲ್ಲಿ. ಆ ಕಥೆ ಇನ್ನೊಂದು ಸಲ.

ಒಂದು ದಿನ ಫೋನ್ ಬಂತು. “ಸಾರ್, ಶಾರ್ಟ್ ಸರ್ವಿಸ್‌ಗೆ ಹಾಕ್ತಾ ಇದ್ದೀನಿ. ಮಾವನಿಗೆ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.”

ಏನಾಯಿತು ಅಂತ ಕೇಳಿದೆ. 2024ರ ಜುಲೈ ಕೊನೆಯಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ಸೈನ್ಯದವರು ಚೂರಲ್‌ಮಲದಲ್ಲಿ ರಾತ್ರೋರಾತ್ರಿ ಸೇತುವೆ ಕಟ್ಟಿದ್ದು ಮೈಸೂರಿನಲ್ಲೆಲ್ಲ ಮಾತಾಗಿತ್ತು. ಅದರ ಪ್ರಭಾವ ಇರಬಹುದು ಅಂದುಕೊಂಡೆ. ಅವಳು ನಕ್ಕಳು. “ಅಯ್ಯೋ ಅಲ್ಲ ಸಾರ್. ಪಿಎಚ್‌ಸಿ ಪೋಸ್ಟಿಂಗ್.”

ಇಂಟರ್ನ್‌ಶಿಪ್ಪಿನಲ್ಲಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಕಿದ್ದರು. ಗೆಳತಿಯರಿಗೆಲ್ಲ ಅದು ಬೇಜಾರು, ಪಿಜಿಗೆ ಓದಲು ಸಿಕ್ಕ ರಜೆ. ಇವಳಿಗೆ ಮಾತ್ರ ಹಿಡಿಸಿಬಿಟ್ಟಿತು. ಒಬ್ಬರು ಡಾಕ್ಟರ್, ಒಬ್ಬರು ಸಿಸ್ಟರ್, ಒಂದು ಊರು. ಯಾವ ಮನೆಯ ಮುದುಕಿಗೆ ಸಕ್ಕರೆ, ಯಾವ ಮಗು ಎರಡು ವಾರದಿಂದ ಕೆಮ್ಮುತ್ತಿದೆ, ಎಲ್ಲ ಗೊತ್ತು. “ಆರ್‌ಎಂಒ ಕೆಲಸ ಅದೇ ಅಲ್ವಾ ಸಾರ್? ಒಂದು ಬೆಟಾಲಿಯನ್, ಒಬ್ಬ ಡಾಕ್ಟರ್. ಎಂಟುನೂರು ಜನ. ಯಾರ ಕಾಲು ಹೇಗಿದೆ ಅಂತ ನನಗೇ ಗೊತ್ತಿರಬೇಕು. ದೊಡ್ಡಾಸ್ಪತ್ರೆಯಲ್ಲಿ ನನಗೆ ಬೆಡ್ ನಂಬರ್ ನೆನಪಿರುತ್ತಿತ್ತು, ಮುಖ ನೆನಪಿರುತ್ತಿರಲಿಲ್ಲ.”

ಪಿಜಿ ತಡ ಆಗುತ್ತದೆ ಅಂತ ಎಚ್ಚರಿಸಿದೆ. ಗೊತ್ತು ಅಂದಳು. ಎಲ್ಲಿಗೆ ಹಾಕುತ್ತಾರೋ ಅಂದೆ. ಅದೂ ಗೊತ್ತು ಅಂದಳು. ಅವ್ವ? “ಅವ್ವ ಅಳ್ತಾ ಇದ್ದಾಳೆ. ಆದ್ರೆ ಹುರುಳಿ ಖಾಲಿ ಮಾಡಿ ಟ್ರಂಕು ಬಿಸಿಲಿಗೆ ಇಟ್ಟಿದ್ದಾಳೆ.”

ಭಾನುವಾರ ಹೋದೆ. ಅದೇ ಜಗಲಿ. ಅಪ್ಪನಿಗೆ ಈಗ ದೂರದ್ದು ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ಮಗಳು ಕೊಡಿಸಿದ ಕನ್ನಡಕ ಹಾಕಿಕೊಂಡು ಅರ್ಜಿಯ ಪ್ರಿಂಟನ್ನು ಒಂದೊಂದೇ ಹಾಳೆ ತಿರುಗಿಸುತ್ತಿದ್ದ. ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಕೆಳಗೆ ಗೆರೆ ಎಳೆದ ಜಾಗ ಯಾವುದು, ಅಲ್ಲಿ ಏನು ಬರೆಯುತ್ತಾರೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

“ಮೇಷ್ಟ್ರೇ, ನಾನು ಎಲ್ಲಿ ಸಹಿ ಹಾಕ್ಬೇಕು?”

“ಎಲ್ಲೂ ಇಲ್ಲ. ಅವಳದೊಂದೇ ಸಾಕು.”

ಅವನು ನಂಬಲಿಲ್ಲ. ಮೊದಲನೇ ಹಾಳೆಯಿಂದ ಮತ್ತೆ ಶುರು ಮಾಡಿದ.